ಪಿಯೆದಾದಳಿಗೆ ಒಂದು ಸಾವು

ಖುರ್ಸಾವಾಡೊ, ಸಾಷ್ಟಿ
27 ನವೆಂಬರ್ 1994

ಮಗಳು ಎರ್ಮಾಳಿಗೆ,

ನಾನು ಬದುಕಿದ್ದೇನೆ. ಇದನ್ನು ಮೊದಲು ತಿಳಿಸುವುದು ಒಳ್ಳೆಯದೆನ್ನಿಸಿತು, ಯಾಕೆಂದರೆ ನಿನ್ನ ಹಾಡಿನ ಪ್ರಕಾರ ನಾನು ಸತ್ತಿದ್ದೇನೆ, ಅದೂ ಬಾಯಿ ತೆರೆದುಕೊಂಡು.

ನಿನ್ನೆ ಸಂಜೆ ಬೆಂಕಿಪೊಟ್ಟಣಕ್ಕೆಂದು ಪಾಸ್ಕುವಿನ ಅಂಗಡಿಗೆ ಹೋಗಿದ್ದೆ. ಬೆಂಕಿಪೊಟ್ಟಣಕ್ಕೇ ಹೋಗಿದ್ದೆ, ನೀನು ಬೇರೆ ಅರ್ಥ ಮಾಡಬೇಡ. ಹಡಗಿನ ಕೆಲಸದ ಜೋಜಿ ರಜೆಯ ಮೇಲೆ ಬಂದಿದ್ದಾನೆ. ಬೊಂಬಾಯಿಯಿಂದ ಒಂದು ಕ್ಯಾಸೆಟ್ ತಂದಿದ್ದ. ನನ್ನನ್ನು ಕಂಡವನೇ ಬೆಂಚು ಒರೆಸಿ, "ಬಾಬ್ ಕುಸ್ತೋದ್, ಕೂತ್ಕೊಳ್ಳಿ, ಕೂತ್ಕೊಂಡೇ ಕೇಳ್ಬೇಕು ಇದನ್ನ" ಅಂದ. ಮಗಳು ಹಾಡುತ್ತಾಳೆಂಬ ಹೆಮ್ಮೆಯಿಂದ ಕೂತೆ.

ಮೊದಲು ಟಕಟಕ ಎಂದು ಒಂದು ಶಬ್ದ. ತಕ್ಷಣ ಗುರುತು ಸಿಕ್ಕಿತು. ನಿನ್ನ ಮಾಯ್‌ಳ ಹೊಲಿಗೆ ಯಂತ್ರದ ಕಾಲುಮಣೆ. ಹೊಲಿಯುತ್ತೇನೆಂದು ಹೇಳಿ ಅದನ್ನು ಬೊಂಬಾಯಿಗೆ ಸಾಗಿಸಿದವಳು ನೀನು. ಆಮೇಲೆ ಯಾರೋ ತೆಂಗಿನಕಾಯಿ ತುರಿಯುತ್ತಿದ್ದಾರೆ. ಆಮೇಲೆ ಘುಮಟೆ, ನಡುವೆ ನಾಲ್ಕು ಪೆಟ್ಟು ತಪ್ಪಿಸಿ ತಪ್ಪಿಸಿ. ಅದರ ಮೇಲೆ ನಿನ್ನ ದನಿ ಎದ್ದಿತು. ರಾಗ ಯಾವುದು? ಲದಾಯ್ನಿನದು. ಮೇ ತಿಂಗಳಲ್ಲಿ ನಮ್ಮ ಖುರ್ಸಿನ, ಆ ಕಲ್ಲಿನ ಶಿಲುಬೆಯ, ಮುಂದೆ ನನ್ನ ಅಪ್ಪ ಪಿಟೀಲು ಹಿಡಿದು ನುಡಿಸುತ್ತಿದ್ದ ಅದೇ ಪ್ರಾರ್ಥನೆ. ಒಬ್ಬರು ಸಂತರ ಹೆಸರು ಕೂಗುವುದು, ಉಳಿದವರೆಲ್ಲ "ಓರಾ ಪ್ರೊ ನೋಬಿಸ್", ನಮಗಾಗಿ ಬೇಡಿಕೊಳ್ಳಿ, ಎನ್ನುವುದು. ಸಂತರೆಂದರೆ ಸತ್ತವರು, ಎರ್ಮಾ. ಉಸಿರಾಡುವವರ ಹೆಸರನ್ನು ಆ ಜಾಗದಲ್ಲಿ ಯಾರೂ ಕೂಗುವುದಿಲ್ಲ. ನೀನು ನಮ್ಮ ವಾಡೊದವರ ಹೆಸರನ್ನು ಒಂದೊಂದಾಗಿ ಕೂಗಿದ್ದೀಯ, ಯಾರು ಹೇಗೆ ಸಾಯುತ್ತಾರೆ ಎಂಬುದರ ಸಮೇತ.

ಫೆಣಿಗೆ ನೀರು ಬೆರೆಸುವ ಪಾಸ್ಕು ತನ್ನದೇ ಬಾವಿಗೆ ಬಿದ್ದು ಸಾಯುತ್ತಾನಂತೆ, ನೀರು ಅವನನ್ನು ಮನೆಗೆ ಕರೆಯುತ್ತದಂತೆ. ಪೋರ್ಚುಗೀಸರ ಕಾಲದಲ್ಲಿ ಊರಿನ ಅಧಿಕಾರಿಯಾಗಿದ್ದ ರೆಜಿದೋರ್ ಲಿಬೆರಾತ್ ಲಿಸ್ಬನ್ ರೇಡಿಯೊದಲ್ಲಿ ರಾಷ್ಟ್ರಗೀತೆ ಬಂತೆಂದು ಎದ್ದುನಿಂತು, ಕೂರಲು ಯಾರೂ ಹೇಳದೆ ನಿಂತಲ್ಲೇ ಸಾಯುತ್ತಾರಂತೆ. ನಿನ್ನ ಹೆತ್ತ ತಂದೆ ಒಂದು ಇಂಗ್ಲಿಷ್ ಶಬ್ದ ನೆನಪಾಗದೆ, ಬಾಯಿ ತೆರೆದು, ಹಾಗೇ. ಡಾಕ್ಟರು ಬಂದು ಹಲ್ಲುನೋವು ಅಂದುಕೊಳ್ಳುತ್ತಾರಂತೆ.

ಬೆಳಗಾವಿಯ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದ್ದಕ್ಕೆ ಇದು ಸನ್ಮಾನ. ಸತ್ತ ಮೇಲೆ ಸಿಗುವ ಸನ್ಮಾನಕ್ಕೆ ನಮ್ಮ ಪ್ರೊಫೆಸರು ಒಂದು ಶಬ್ದ ಹೇಳುತ್ತಿದ್ದರು, ಪೋಸ್ಟ್‌ಹ್ಯೂಮರಸ್.

ಎರಡು ಸಲ ಎದ್ದು ಹೋಗಲು ನೋಡಿದೆ, ಎರಡು ಸಲವೂ ಜೋಜಿ ಹಿಡಿದು ಕೂರಿಸಿದ. ಅಂಗಡಿಯ ತುಂಬ ನಗು. ಪಾಸ್ಕುವೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಶಾಕ್ ಎನ್ನುವುದಕ್ಕೆ ನಮ್ಮಲ್ಲಿ ಸರಿಯಾದ ಮಾತಿಲ್ಲ, ಇದ್ದರೂ ನೆನಪಾಗಲಿಲ್ಲ, ನೆನಪಿಗೆ ಬರಲೆಂದು ಬಾಯಿ ತೆರೆದೆ, ಎಲ್ಲರೂ ಇನ್ನೂ ಜೋರಾಗಿ ನಕ್ಕರು.

ಉತ್ತರ ಬರೆ.

ಬೆಸಾಂವ್ ಕೊಡುತ್ತೇನೆ, ಹೆತ್ತವನಿಗೆ ಆಶೀರ್ವಾದ ಕೊಡದೆ ಇರಲಾಗುವುದಿಲ್ಲ.
ನಿನ್ನ ಪಾಯ್,
ಕುಸ್ತೋದಿಯೊ


ಬೊಂಬಾಯ್
9 ಡಿಸೆಂಬರ್ 1994

ಪಾಯ್,

ಬೆಸಾಂವ್ ಕೊಡಿ.

ಇಲ್ಲಿ ಜನ ನನ್ನನ್ನು ಗೋಯೆಂಚಿ ಹುಚ್ಚಿ, ಗೋವಾದ ಹುಚ್ಚಿ, ಅಂತಾರೆ. ಹೊಲಿಗೆ ಯಂತ್ರ ಹೊತ್ತುಕೊಂಡು ವೇದಿಕೆ ಹತ್ತುವವಳು ಇನ್ನೊಬ್ಬಳಿಲ್ಲ. ಮೊನ್ನೆ ಒಂದು ಸಭೆಯಲ್ಲಿ ಮುಂದಿನ ಸಾಲಿನ ಹೆಂಗಸೊಬ್ಬಳು ಹಾಡಿನ ನಡುವೆ ಎದ್ದು ಹೋದಳು. ಮುಗಿದ ಮೇಲೆ ಹೊರಗೆ ಕಾದು ನಿಂತಿದ್ದಳು. ತನ್ನ ಅತ್ತೆಗೂ ಒಂದು ಪದ ಬರೆದುಕೊಡ್ತೀಯಾ ಅಂತ ಕೇಳಿದಳು.

ನೀವು ಸಿಟ್ಟಾಗುತ್ತೀರಿ ಅಂತ ಗೊತ್ತಿತ್ತು. ಆದರೆ ಪಾಯ್, ಮಾಯ್ ಸತ್ತಾಗ ಬಂದವರೆಲ್ಲ ಪಿಸುಗುಟ್ಟುತ್ತಿದ್ದರು. ಸಾವಿನ ಎದುರಿಗೆ ಯಾಕೆ ಎಲ್ಲರೂ ಚಪ್ಪಲಿ ಬಿಟ್ಟು ನಡೆಯುತ್ತಾರೆ? ನಮ್ಮ ಮನೆಯೊಳಗೆ ಬಂದಿದ್ದು ಅದು. ಗಟ್ಟಿಯಾಗಿ ಮಾತಾಡುವ ಹಕ್ಕು ನಮ್ಮದಲ್ಲವಾ?

ಘುಮಟೆಯ ಪೆಟ್ಟು ತಪ್ಪಿದ್ದಲ್ಲ, ಬೇಕೆಂದೇ ಬಿಟ್ಟಿದ್ದು. ಆ ಜಾಗದಲ್ಲಿ ಕೇಳುವವನ ಎದೆ ಹೊಡೆದುಕೊಳ್ಳಬೇಕು.

ಎರ್ಮಾ


ಖುರ್ಸಾವಾಡೊ
2 ಜನವರಿ 1995

ಮಗಳಿಗೆ,

ಹೊಸ ವರ್ಷದ ಬೆಸಾಂವ್. ಹಬ್ಬಕ್ಕೆ ಬರಲಿಲ್ಲ ನೀನು. ಕಡಲೆಬೇಳೆಯ ಸಿಹಿ, ದೊಸ್, ಮಾಡಿಟ್ಟಿದ್ದೆ, ಗಟ್ಟಿಯಾಯಿತು, ಎದುರು ಮನೆಯ ಪಿಯೆದಾದ್ ಸುತ್ತಿಗೆ ತೆಗೆದುಕೊಂಡು ಬಂದು ತಿಂದಳು.

ನಿನಗೆ ಹೇಳಲು ನಾಚಿಕೆಯಾಗುತ್ತದೆ, ನಿನ್ನ ಹಾಡು ವಾಡೊಗೆ ಹಿಡಿದಿದೆ. ಬ್ರೆಡ್ ತರುವ ಪೊದೇರ್ ಸೈಕಲ್ಲಿನ ಹಾರ್ನಿನಲ್ಲಿ ಅದೇ ರಾಗ ಒತ್ತುತ್ತಾನೆ. ಪಾಸ್ಕು ಗಿರಾಕಿಗಳನ್ನು ಹಿತ್ತಿಲಿಗೆ ಕರೆದೊಯ್ದು ತನ್ನ ಬಾವಿ ತೋರಿಸುತ್ತಾನೆ, "ಇದೇ ನೋಡಿ, ನಾನು ಬೀಳೋದು ಇಲ್ಲೇ." ರೆಜಿದೋರ್ ಮಾತ್ರ ಒಂದು ವಾರ ಮಾತು ಬಿಟ್ಟಿದ್ದರು, ಆಮೇಲೆ ತಮ್ಮ ಪದ ಉಳಿದವರಿಗಿಂತ ಎರಡು ಸಾಲು ಉದ್ದ ಎಂದು ಗೊತ್ತಾಗಿ ಸಮಾಧಾನವಾದರು. ಪಾದ್ರಿ ವಿಗಾರ್ ಪ್ರವಚನದಲ್ಲಿ ಹೆಸರು ಹೇಳದೆ ನಿನ್ನನ್ನು ಬೈದರು. ಅಂದರೆ ಅವರೂ ಕೇಳಿದ್ದಾರೆ.

ಜಗಳ ಬಂದಿರುವುದು ನಿನ್ನ ಹಾಡಿನಲ್ಲಿ ಹೆಸರು ಬಿಟ್ಟುಹೋದವರಿಂದ. ಅದರಲ್ಲೂ ಪಿಯೆದಾದಳಿಂದ. ನಮ್ಮ ಪಡಸಾಲೆಯ ಮೆಟ್ಟಿಲ ಮೇಲೆ ಕೂತು ಕೇಳಿದಳು, "ಬಾಬ್, ನಿಮ್ಮ ಮಗಳ ಕಣ್ಣಿಗೆ ನಾನು ಮನುಷ್ಯಳಲ್ವಾ? ಆ ನೀರು ಪಾಸ್ಕುಗೂ ಒಂದು ಸಾವು ಕೊಟ್ಟಿದ್ದಾಳೆ. ಮಾಯ್ ಹೋದ ಮೇಲೆ ಆ ಹುಡುಗಿಗೆ ಅನ್ನ ಹಾಕಿದವಳು ನಾನು, ನನಗೆ ಇಲ್ಲ."

ತಮಾಷೆಗೇ ಹೇಳಿದಳು ಎಂದು ಮೊದಲು ಅಂದುಕೊಂಡೆ. ಕಣ್ಣು ನೋಡಿದರೆ ಹಾಗಿರಲಿಲ್ಲ. ಗಂಡನನ್ನು ಸಮುದ್ರ ನುಂಗಿದಾಗಲೂ ಅಳದೆ ಇದ್ದ ಹೆಂಗಸು. ಒಂದು ಪದ ಹಾಕಿಬಿಡು, ನಿನಗೇನು ಕಷ್ಟ. ಅವಳ ಒಣ ಸಿಗಡಿಯ ಕಿಸ್ಮೂರಿನ ಬಗ್ಗೆ ಬರೆಯಬಹುದು. ಅವಳು ಕಸ ಗುಡಿಸುವಾಗ ಬಾಯಿಗೆ ಸೆರಗಿನಂತೆ ಟವೆಲ್ ಕಟ್ಟಿಕೊಳ್ಳುವುದರ ಬಗ್ಗೆ ಬರೆಯಬಹುದು. ಬೆಳಿಗ್ಗೆ ಕಿಟಕಿ ತೆಗೆಯುವ ಮೊದಲು ಒಂದು ಸಲ ಕೆಮ್ಮುತ್ತಾಳೆ. ವಿಷಯಕ್ಕೆ ಬರವಿಲ್ಲ.

ನಿನ್ನ ಪಾಯ್


ಖುರ್ಸಾವಾಡೊ
11 ಫೆಬ್ರವರಿ 1995

ಎರ್ಮಾ,

ಪಾಸ್ಕು ಹೋದ. ಬಾವಿಗೆ ಬಿದ್ದು.

ಹೇಗೆ ಬರೆಯಲಿ ಎಂದು ಗೊತ್ತಾಗದೆ ಎರಡು ಹಾಳೆ ಹರಿದೆ. ಬೆಳಿಗ್ಗೆ ನೀರು ಸೇದಲು ಹೋದವನು ತಿರುಗಿ ಬರಲಿಲ್ಲ. ಹಗ್ಗ ಹಾಗೇ ಇತ್ತು, ಕೊಡ ಕಟ್ಟೆಯ ಮೇಲೆ ಇತ್ತು. ಜೋಜಿ ಇಳಿದು ಎತ್ತಿದ. ಇಗರ್ಜಿಯ ಗಂಟೆ ಬಾರಿಸಿದಾಗ ನಾನು ಹಲ್ಲುಜ್ಜುತ್ತಿದ್ದೆ, ಯಾರೋ ಮುದುಕರಿರಬೇಕು ಎಂದುಕೊಂಡೆ. ಪಿಯೆದಾದ್ ರಸ್ತೆಯ ನಡುವೆ ನಿಂತು ಬರೀ ಕೈಯಿಂದ ಬಾವಿಯ ಆಕಾರ ತೋರಿಸಿದಳು. ನನಗೆ ಅರ್ಥವಾಗಿ ಅಲ್ಲೇ ಕೂತುಬಿಟ್ಟೆ.

ಮಣ್ಣು ಕೊಡುವಾಗ ಯಾರೂ ನನ್ನ ಪಕ್ಕ ನಿಲ್ಲಲಿಲ್ಲ. ಕ್ಯಾಸೆಟ್ಟನ್ನು ಜೋಜಿ ಎಲ್ಲಿ ಬಚ್ಚಿಟ್ಟನೋ. ಪೊದೇರ್ ಈಗ ಬರೀ ಹಾರ್ನ್ ಒತ್ತುತ್ತಾನೆ.

ಮೂರನೆಯ ದಿನದಿಂದ ನಮ್ಮ ಮನೆಗೆ ಜನ ಬರತೊಡಗಿದರು. ನಾನು ಬೈಯಲು ಬಂದರೆಂದು ಒಳಗೆ ಅವಿತಿದ್ದೆ. ಬೈಯಲು ಬಂದವರಲ್ಲ. ರೆಜಿದೋರ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದರು, "ಕುಸ್ತೋದ್, ನಿಂತು ಸಾಯೋ ವಯಸ್ಸಲ್ಲ ನನ್ನದು, ಮಂಡಿ ನೋವು. ಕೂತ್ಕೊಂಡು ಸಾಯೋ ಹಾಗೆ ತಿದ್ದಕ್ಕೆ ಹೇಳಪ್ಪ ಮಗಳಿಗೆ. ಸಾಧ್ಯವಾದ್ರೆ ಕುಂಪ್ಸಾರ್ ಆದ್ಮೇಲೆ." ಪಾಪ ನಿವೇದನೆ ಮುಗಿಸಿ ಸಾಯಬೇಕಂತೆ ಅವರಿಗೆ. ಇನ್ನೊಬ್ಬಳು ತನ್ನನ್ನು ತೆಂಗಿನ ಮರದ ಕೆಳಗಿಂದ ತೆಗೆದು ಆಸ್ಪತ್ರೆಗೆ ಹಾಕಲು ಹೇಳಿದಳು. ನಾನು ಸಾವುಗಳ ದಲ್ಲಾಳಿಯಾಗಿದ್ದೇನೆ, ಮಗಳೇ. ಒಬ್ಬರು ಬಾಳೆಗೊನೆ ಇಟ್ಟು ಹೋಗಿದ್ದಾರೆ. ಹಿಂತಿರುಗಿಸಲು ಹೋದರೆ, ಕಡಿಮೆಯಾಯಿತಾ ಎಂದು ಕೇಳುತ್ತಾರೆ.

ಪಾಸ್ಕುವಿನ ಹೆಂಡತಿ ಕೊನ್ಸೆಸಾಂವ್ ಒಬ್ಬಳೇ ಬೇರೆ ಮಾತಾಡಿದಳು. ನಾನು ಕ್ಷಮೆ ಕೇಳಲು ಹೋಗಿದ್ದೆ. ಅವಳು ಕಣ್ಣೊರೆಸಿಕೊಂಡು, "ಕಟ್ಟೆ ಜಾರ್ತದೆ, ಪಾಚಿ ಕೆರೀರಿ ಅಂತ ವರ್ಷಗಟ್ಲೆ ನಾನೂ ಹೇಳಿದ್ದೆ. ನಿಮ್ಮ ಮಗಳೂ ಅದನ್ನೇ ಹೇಳಿದ್ದು. ಅವಳು ಹೇಳಿದ್ದು ಮಾತ್ರ ಊರಿಗೆಲ್ಲ ಕೇಳಿಸ್ತು" ಅಂದಳು.

ಪಾಯ್


ಬೊಂಬಾಯ್
20 ಫೆಬ್ರವರಿ 1995

ಪಾಯ್,

ನಿಮ್ಮ ಪತ್ರ ಓದಿ ಮಡಿಸಲೂ ಆಗಲಿಲ್ಲ, ನೆಲದ ಮೇಲೆ ಬಿಟ್ಟು ಸುತ್ತಲೂ ನಡೆದೆ.

ಆ ಬಾವಿಯ ಹತ್ತಿರ ಚಿಕ್ಕಂದಿನಲ್ಲಿ ನಾನೇ ಒಮ್ಮೆ ಜಾರಿದ್ದೆ. ಪಾಸ್ಕು ಜಡೆ ಹಿಡಿದು ಎಳೆದಿದ್ದ. ಅದಕ್ಕೇ ಬರೆದಿದ್ದು, ಪಾಯ್. ಅವನಿಗೆ ನೆನಪಿದೆಯೋ ನೋಡೋಣ ಅಂತ ಬರೆದಿದ್ದು. ನೆನಪಿತ್ತಾ ಅವನಿಗೆ? ನೀವು ಯಾವತ್ತಾದರೂ ಕೇಳಿದ್ರಾ?

ಯಾರ ಪದವನ್ನೂ ತಿದ್ದುವುದಿಲ್ಲ. ತಿದ್ದಿದರೆ ನಾನೇ ಕೊಂದೆ ಅಂತ ಒಪ್ಪಿದ ಹಾಗೆ. ಹಾಡುವುದನ್ನೇ ನಿಲ್ಲಿಸಿದ್ದೇನೆ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಒಣಗಿಸುತ್ತಿದ್ದೇನೆ.

ಪಿಯೆದಾದ್ ಮಾವ್ಶಿ ಪದ ಕೇಳಿದ್ದರು ಅಂದಿರಲ್ಲ. ಇನ್ನು ಕೇಳುವುದಿಲ್ಲ ಬಿಡಿ.

ಎರ್ಮಾ


ಖುರ್ಸಾವಾಡೊ
14 ಮಾರ್ಚ್ 1995

ಎರ್ಮಾ,

ಕೇಳುತ್ತಾಳೆ. ಮತ್ತೆ ಕೇಳಿದ್ದಾಳೆ. ಅದನ್ನು ಹೇಳಲೆಂದೇ ಈ ಪತ್ರ, ಆದರೆ ಹೇಗೆ ಶುರು ಮಾಡಲಿ.

ಕೊರೆಸ್ಮಿನ ಉಪವಾಸದ ದಿನಗಳು, ಮೀನು ಸಸ್ತಾ ಇಲ್ಲ, ನಿಂಬೆ ಗಿಡಕ್ಕೆ ಹುಳ ಬಿದ್ದಿದೆ, ಹೆಂಚು ಎರಡು ಜಾರಿವೆ. ಇದೆಲ್ಲ ನಾನು ಪಿಯೆದಾದಳಿಗೆ ಹೇಳುತ್ತಿದ್ದೆ. ಅವಳು ಮೆಟ್ಟಿಲ ಮೇಲೆ ಕೂತು ಅವರೆಕಾಳು ಸುಲಿಯುತ್ತಿದ್ದಳು. ನಡುವೆ ತಲೆ ಎತ್ತದೆ, "ನನಗೆ ಹೊಟ್ಟೇಲಿ ಗಂಟಿದೆ, ಬಾಬ್. ಮಡಗಾಂವಿನ ಡಾಕ್ಟ್ರು ನೋಡಿದ್ರು. ತೆಗೆಯೋಕಾಗಲ್ಲ ಅಂದ್ರು" ಅಂದಳು. ಮತ್ತೆ, "ಹೆಂಚಿನ ವಿಷಯ ಏನೋ ಹೇಳ್ತಿದ್ರಲ್ಲ, ಹೇಳಿ" ಅಂದಳು.

ನಾನು ಹೆಂಚಿನ ವಿಷಯ ಹೇಳಿದೆ, ಎರ್ಮಾ. ಏನು ಹೇಳಿದೆನೋ ದೇವರಿಗೇ ಗೊತ್ತು. ಬಾಯಿ ತಾನಾಗಿ ಆಡುತ್ತಿತ್ತು.

ಯಾರಿಗೂ ಹೇಳಿಲ್ಲ ಅವಳು, ನಿನಗೆ ಮಾತ್ರ ಹೇಳಲು ಒಪ್ಪಿಗೆ ಕೊಟ್ಟಳು. ಬೊಂಬಾಯಿಗೆ ಹೋಗೋಣ, ದೊಡ್ಡ ಡಾಕ್ಟರಿದ್ದಾರೆ ಎಂದೆ. ಅಲ್ಲಿ ಗುರುತಿಲ್ಲದವರ ನಡುವೆ ಸಾಯಲು ನನಗೇನು ದಾಡಿ ಎಂದು ಕೇಳಿದಳು. ಅವಳಿಗೆ ಬೇಕಾಗಿರುವುದು ಒಂದೇ. ಮೇ ಮೂರರಂದು ಖುರ್ಸಿನ ಲದಾಯ್ನಿನಲ್ಲಿ ನೀನು ಅವಳ ಪದ ಹಾಡಬೇಕು, ಅವಳು ಕೂತು ಕೇಳಬೇಕು. "ನಾನು ಸತ್ತಾಗ ಇವರೆಲ್ಲ ಮೂಗು ಸೋರಿಸ್ತಾ ಪಿಸಿಪಿಸಿ ಅಂತಾರೆ. ಅದು ನನಗೆ ಕೇಳಿಸಲ್ಲ. ನಗೋದಾದ್ರೂ ಕೇಳಿಸ್ಲಿ."

ಪಾಸ್ಕುವಿನ ಸುದ್ದಿ ನೆನಪಿಸಿದೆ. ಹೆದರಿಕೆಯಿಲ್ಲವಾ ಎಂದೆ. ಅವಳು ಸಿಪ್ಪೆಯನ್ನು ಕೊಡವಿ ಎದ್ದಳು. "ನನ್ನ ಸಾವು ಈಗಾಗ್ಲೇ ಬರೆದಾಗಿದೆ ಬಾಬ್. ಅದಕ್ಕೆ ರಾಗ ಇಲ್ಲ, ಅಷ್ಟೆ."

ಬರೆಯುತ್ತೀಯಾ?

ಪಾಯ್


ಬೊಂಬಾಯ್
2 ಏಪ್ರಿಲ್ 1995

ಪಾಯ್,

ಬರೆದಿದ್ದೇನೆ. ಎಷ್ಟು ದಿನ ಹಿಡಿಯಿತು ಅಂತ ಕೇಳಬೇಡಿ. ಮಾವ್ಶಿಗೆ ಓದಿ ಹೇಳಿ.

ಸಾವು ಬಂತು ಪಿಯೆದಾದಳ ಬಾಗಿಲಿಗೆ, ಕೆಸರು ಕಾಲಲ್ಲಿ.
ಕಾಲು ತೊಳ್ಕೊಂಡು ಬಾ ಅಂದಳು, ಮಣೆ ಹಾಕಿದಳು.
ಅನ್ನ ಬಡಿಸಿದಳು, ಕಿಸ್ಮೂರ್ ಬಡಿಸಿದಳು, ಇನ್ನೂ ಇನ್ನೂ ಅಂದಳು.
ಹೊಟ್ಟೆ ಒಡೆದು ಸಾವು ಸತ್ತಿತು, ಹೊರೋದಕ್ಕೆ ನಾಲ್ಕು ಜನ ಬೇಕು.
ಓರಾ ಪ್ರೊ ನೋಬಿಸ್.

ಇನ್ನೊಂದು ಮಾತು. ನೀವು ನನಗೆ ಬರೆದ ಪತ್ರಗಳನ್ನೆಲ್ಲ ಇವತ್ತು ಒಟ್ಟಿಗೆ ಓದಿದೆ. ಅವುಗಳಲ್ಲಿ ಮಾವ್ಶಿ ಎಷ್ಟು ಸಲ ಬರುತ್ತಾರೆ ಅಂತ ನೀವು ಯಾವತ್ತಾದರೂ ನೋಡಿದ್ದೀರಾ? ಕಿಟಕಿ ತೆಗೆಯುವ ಮೊದಲು ಕೆಮ್ಮುವುದು ನಮ್ಮ ಮನೆಗೆ ಕೇಳಿಸುವುದಿಲ್ಲ, ಪಾಯ್. ಯಾರಾದರೂ ಎದ್ದು ಈಚೆಗೆ ಬಂದು ಕಾದು ನಿಂತರೆ ಮಾತ್ರ ಕೇಳಿಸುತ್ತದೆ.

ಎರ್ಮಾ


ಖುರ್ಸಾವಾಡೊ
18 ಏಪ್ರಿಲ್ 1995

ಎರ್ಮಾ,

ಪಾಸ್ಕ್ ಹಬ್ಬದ, ಈಸ್ಟರಿನ, ಬೆಸಾಂವ್. ನಿನ್ನ ಪದವನ್ನು ಪಿಯೆದಾದಳಿಗೆ ಹಾಡಿಯೇ ತೋರಿಸಿದೆ. ನನ್ನ ಕಂಠ ನಿನಗೆ ಗೊತ್ತು. ಹೊರಗೆ ಹಂದಿ ಓಡಿತು.

ಅವಳು ನಗಲಿಲ್ಲ. ಕೊನೆಯವರೆಗೆ ಕೇಳಿ, "ಹಾಗಾದ್ರೆ ನಾನು ಯಾವಾಗ ಸಾಯ್ತೀನಿ?" ಅಂದಳು. ಇದರಲ್ಲಿ ನೀನು ಸಾಯುವುದಿಲ್ಲ, ಸಾವೇ ಸಾಯುತ್ತದೆ, ಅದೇ ಇದರ ಚಮತ್ಕಾರ ಎಂದು ಬಿಡಿಸಿ ಹೇಳಿದೆ. ಅವಳ ಮುಖ ಹೇಗಾಯಿತು ಎಂದರೆ, ನಾನು ಆ ಮುಖವನ್ನು ನೋಡಿರಲಿಲ್ಲ.

"ಎಲ್ಲರನ್ನೂ ಸಾಯಿಸಿ, ನನ್ನೊಬ್ಬಳನ್ನ ಪಾತ್ರೆ ತೊಳೆಯೋಕೆ ಉಳಿಸಿದ್ದಾಳಾ ಹುಡುಗಿ? ಪಾಸ್ಕುಗೆ ನಿಜ ಹೇಳಿದಳು, ನನಗೆ ಯಾಕೆ ಬೆಣ್ಣೆ ಹಚ್ತಾಳೆ? ನಾನು ಅವಳಿಗೆ ಬಡಿಸಿದ ಅನ್ನದಲ್ಲಿ ಕಲ್ಲಿತ್ತಾ? ವಾಪಸ್ ಕಳಿಸಿ ಇದನ್ನ. ನನ್ನ ಸಾವು ನನಗೆ ಬೇಕು ಅಂತ ಬರೀರಿ."

ಬರೆದಿದ್ದೇನೆ. ಅವಳ ಮಾತು ಅವಳ ಮಾತಿನಲ್ಲೇ ಬರೆದಿದ್ದೇನೆ.

ಈಗ ಮೆಟ್ಟಿಲು ಹತ್ತುವಾಗ ಕೈ ಊರಿಕೊಳ್ಳುತ್ತಾಳೆ. ಊರು ಗಮನಿಸಿದೆ, ಕೇಳುವ ಧೈರ್ಯ ಯಾರಿಗೂ ಇಲ್ಲ. ನೀನು ಬಂದರೆ ಕಲ್ಲು ಹೊಡೆಯುತ್ತಾರೋ ಎಂಬ ಭಯ ನನಗಿತ್ತು. ಕೊನ್ಸೆಸಾಂವಳನ್ನು ಕೇಳಿದೆ. ಬರಲಿ, ಲದಾಯ್ನ್ ಮುಗಿದ ಮೇಲೆ ಎಲ್ಲರಿಗೂ ನನ್ನ ಮನೆಯ ಕಡಲೆ ಬೇಯಿಸಿ ಹಂಚುತ್ತೇನೆ ಅಂದಳು.

ನೀನು ಕೊನೆಯಲ್ಲಿ ಬರೆದ ಇನ್ನೊಂದು ಮಾತನ್ನೂ ಓದಿದೆ. ನಿಂಬೆ ಗಿಡ ಚಿಗುರಿದೆ.

ಪಾಯ್


ಖುರ್ಸಾವಾಡೊ
22 ಜೂನ್ 1995

ಎರ್ಮಾ,

ನೀನು ಬಸ್ಸು ಹತ್ತುವಾಗ ನಾನು ಬೀಳ್ಕೊಡಲು ಬರಲಿಲ್ಲ. ನೀನು ಬೆಸಾಂವ್ ಕೇಳಿದಾಗ ಗೋಡೆ ನೋಡುತ್ತಿದ್ದೆ. ಆಮೇಲೆ ನೀನು ಹಾಕಿದ ಎರಡು ಪತ್ರಗಳಿಗೂ ಉತ್ತರಿಸಲಿಲ್ಲ. ಈಗ ಎಲ್ಲ ಸೇರಿಸಿ ಬರೆಯುತ್ತೇನೆ, ತಾಳಿಕೊಂಡು ಓದು.

ಮೇ ಮೂರರಂದು ಖುರ್ಸಿನ ಮುಂದೆ ಇಡೀ ವಾಡೊ ನಿಂತಿತ್ತು. ಪಾದ್ರಿ ವಿಗಾರ್ ಕೂಡ, ತಡೆಯಲು ಬಂದವರು ಕುರ್ಚಿ ಕೇಳಿ ಕೂತರು. ಪಿಯೆದಾದ್ ನೀಲಿ ಬಟ್ಟೆ ಹಾಕಿ ಮುಂದೆ ಕೂತಿದ್ದಳು. ನೀನು ಘುಮಟೆಯೊಂದನ್ನೇ ಹಿಡಿದಿದ್ದೆ. ಆಗ ನೀನು ಹಾಡಿದ್ದು ನನಗೆ ಒಂದಕ್ಷರ ಬಿಡದೆ ನೆನಪಿದೆ. ಇಂಗ್ಲಿಷ್ ಮರೆಯುವ ನನ್ನ ತಲೆ ಇದನ್ನು ಮರೆಯಲೊಲ್ಲದು.

ಪಿಯೆದಾದ್ ಸತ್ತಳು, ಜಾರಿ ಅಲ್ಲ, ಜ್ವರಕ್ಕಲ್ಲ,
ಎದುರು ಮನೆಯವನ ಒಂದು ಮಾತಿಗೆ ಕಾದು ಕಾದು ಸತ್ತಳು.
ಮೀನಿನ ಮಾತು ಹೇಳಿದ, ಹೆಂಚಿನ ಮಾತು ಹೇಳಿದ,
ಮರೆತ ಇಂಗ್ಲಿಷಿನಲ್ಲೂ ಹೇಳಿದ,
ಆ ಮಾತೊಂದು ಬಿಟ್ಟು.

ಎಲ್ಲರೂ ನನ್ನನ್ನು ನೋಡುತ್ತಿದ್ದಾರೆಂದು ಗೊತ್ತು, ನೋಡದೆಯೂ ಗೊತ್ತು. ಊರಿಡೀ "ಓರಾ ಪ್ರೊ ನೋಬಿಸ್" ಎನ್ನಬೇಕಾದ ಜಾಗದಲ್ಲಿ ಒಂದು ಗಂಟಲೂ ಏಳಲಿಲ್ಲ. ಎದ್ದಿದ್ದು ಅವಳೊಬ್ಬಳದೇ ದನಿ. ತನ್ನ ಹೆಸರಿಗೆ ತಾನೇ ಓಗೊಟ್ಟಳು, ಇಗರ್ಜಿಯ ಬಾಗಿಲಿಗೆ ಕೇಳುವಷ್ಟು ಗಟ್ಟಿಯಾಗಿ. ಹಾಗೆಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಆಮೇಲೆ ಕೊನ್ಸೆಸಾಂವ್ ನಕ್ಕಳು, ರೆಜಿದೋರ್ ನಕ್ಕರು, ವಿಗಾರ್ ಕರ್ಚೀಫು ತೆಗೆದರು. ನಗದವನು ನಾನೊಬ್ಬನೇ.

ಈ ವಯಸ್ಸಿನಲ್ಲಿ ಬಟ್ಟೆ ಬಿಚ್ಚಿ ರಸ್ತೆಯಲ್ಲಿ ನಿಲ್ಲಿಸಿದಳು ಮಗಳು ಎಂದುಕೊಂಡೆ. ನಿನಗೆ ಬರೆಯಲು ಒಂದು ಸಿಟ್ಟಿನ ಪತ್ರ ಮನಸ್ಸಿನಲ್ಲೇ ತಯಾರಾಗಿತ್ತು. ನೀನು ಹೋದ ಮರುದಿನ ಬೆಳಿಗ್ಗೆ ಪಡಸಾಲೆಗೆ ಬಂದು ನಿಂತೆ. ಕಿಟಕಿ ತೆಗೆಯುವ ಮೊದಲು ಅವಳು ಕೆಮ್ಮಲಿಲ್ಲ. ಕಾದೆ. ಮತ್ತೂ ಕೆಮ್ಮಲಿಲ್ಲ. ಚಪ್ಪಲಿ ಹಾಕಿಕೊಳ್ಳದೆ ರಸ್ತೆ ದಾಟಿದೆ, ಕದ ತಳ್ಳಿದೆ. ಅವಳು ಚಹಾ ಸೋಸುತ್ತಿದ್ದಳು. ಬದುಕಿದ್ದಾಳೆ ಎಂದು ಕಂಡು ಬಂದ ಉಸಿರಿನಲ್ಲೇ ಆ ಮಾತು ಹೇಳಿಬಿಟ್ಟೆ. ಬಹಳ ಸಣ್ಣ ಮಾತು ಅದು. ಏನೆಂದು ನಿನಗೆ ಹೇಳುವುದಿಲ್ಲ, ಹಾಡಿಗೆ ಹಾಕುತ್ತೀಯ.

ಅವಳು ಸೋಸುವುದನ್ನು ನಿಲ್ಲಿಸಲಿಲ್ಲ. "ಇಷ್ಟೇನಾ? ಇದಕ್ಕೆ ಇಷ್ಟು ವರ್ಷ ಬೇಕಾಯ್ತಾ ನಿನಗೆ?" ಅಂದಳು. ಬಾಬ್ ಅನ್ನಲಿಲ್ಲ, ನಿಮಗೆ ಅನ್ನಲಿಲ್ಲ. ಇನ್ನೊಂದು ಲೋಟ ತೆಗೆದಳು.

ಆಮೇಲೆ ನಾನು ಮನೆಗೆ ಮಲಗಲು ಮಾತ್ರ ಬರುತ್ತಿದ್ದೆ. ಊರು ಏನೂ ಅನ್ನಲಿಲ್ಲ. ಅನ್ನುವುದನ್ನೆಲ್ಲ ನೀನು ಅಂದು ಮುಗಿಸಿದ್ದೆ, ಅವರಿಗೇನು ಉಳಿದಿತ್ತು. ಅಡುಗೆ ನಾನೇ ಮಾಡುತ್ತಿದ್ದೆ, ಅವಳು ಚಾಪೆಯ ಮೇಲಿಂದ ಹುಕುಂ ಕೊಡುತ್ತಿದ್ದಳು. ನಮಗೆ ಜಗಳವಾಡಲು ಎಷ್ಟೊಂದು ವಿಷಯಗಳಿದ್ದವು ಎಂದು ಆಶ್ಚರ್ಯವಾಗುತ್ತಿತ್ತು. ಉಪ್ಪು, ಕಿಟಕಿ, ನನ್ನ ಕಾಲೇಜು.

ಮೊನ್ನೆ ಮಧ್ಯಾಹ್ನ ಗಂಜಿಗೆ ಬಾಂಗಡೆ ಬಿಡಿಸಿ ಹಾಕಿ ಕೊಟ್ಟೆ. ಒಂದು ತುತ್ತು ತಿಂದು, ಬಾಯಿಂದ ಮುಳ್ಳೊಂದನ್ನು ಎಳೆದು ನನ್ನ ಮುಖಕ್ಕೆ ಹಿಡಿದಳು. "ನೋಡಿಲ್ಲಿ. ಕೊಲ್ತೀಯೇನೋ ನನ್ನ?" ಅಂದು ನಕ್ಕಳು. ನಾನು ಆ ಮುಳ್ಳನ್ನು ಇಸಿದುಕೊಂಡು ಬಚ್ಚಲಿಗೆ ಎಸೆದು ತಿರುಗುವಷ್ಟರಲ್ಲಿ ಗೋಡೆಗೆ ಒರಗಿದ್ದಳು. ಮುಖದಲ್ಲಿ ನಗು ಇನ್ನೂ ಆರಿರಲಿಲ್ಲ. ನಾನು ಇನ್ನೂ ಸ್ವಲ್ಪ ಹೊತ್ತು ಜಗಳ ಮುಂದುವರಿಸಿದೆ, ಮುಳ್ಳು ಸಣ್ಣದು, ಕಾಣುವುದಿಲ್ಲ, ನಿನ್ನ ಕಣ್ಣಿನಷ್ಟು ಚುರುಕಲ್ಲ ನನ್ನದು ಎಂದು. ಆಮೇಲೆ ತಿಳಿಯಿತು.

ನಿನ್ನೆ ಮಣ್ಣು ಕೊಟ್ಟೆವು.

ಅದಕ್ಕೇ ಬರೆಯುತ್ತಿದ್ದೇನೆ, ಎರ್ಮಾ. ನಿನ್ನ ಪದ ತಪ್ಪು. ಅವಳು ಕಾದು ಸಾಯಲಿಲ್ಲ, ನನ್ನನ್ನು ಬೈದು ಸತ್ತಳು. ಯಾರದನ್ನೂ ತಿದ್ದುವುದಿಲ್ಲ ಅಂದಿದ್ದೆಯಲ್ಲ, ಇದೊಂದನ್ನು ತಿದ್ದು.

ಬಸ್ಸು ಹತ್ತುವಾಗ ಕೊಡದೆ ಉಳಿಸಿಕೊಂಡ ಬೆಸಾಂವ್ ಕೂಡ ಇದರಲ್ಲಿದೆ.

ನಿನ್ನ ಪಾಯ್,
ಕುಸ್ತೋದಿಯೊ